ಹಲ್ಲಿನ ಡಾಕ್ಟರಮ್ಮ ನೋಡಿದ ಅಶ್ರಫಿ

ಸುಜಾತಾಬಾಯಿ ಡಾಕ್ಟರಮ್ಮ ಯಾರ ಜೊತೆ ಮಾತಾಡಿದರೂ ಅವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಜಹೀರಾಬಾದಿನ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಅವರ ಹಲ್ಲಿನ ದವಾಖಾನೆ ಇತ್ತು. ಮೆಂತೆಸೊಪ್ಪು ಮಾರುವವಳ ಹತ್ತಿರ ಚೌಕಾಸಿ ಮಾಡುತ್ತ ಮಾಡುತ್ತಲೇ, "ಎಡಕ್ಕಿನ ದವಡಿ ಹಲ್ಲು ಹುಳುಕಾಗ್ಯಾದ ನೋಡವ್ವ, ನಾಳಿ ಬಂದು ತೋರ್ಸು" ಎಂದುಬಿಡುವರು. ಒಮ್ಮೆ ಮದುವೆಯೊಂದರಲ್ಲಿ ಮದುಮಗ ನಕ್ಕಾಗ ಇವರು ತಲೆ ಅಲ್ಲಾಡಿಸಿದ್ದನ್ನು ನೋಡಿ, ಸಂಬಂಧದಲ್ಲೇ ಏನೋ ಐಬು ಇದೆಯೆಂದು ಹೆಣ್ಣಿನ ಸೋದರಮಾವ ಗಾಬರಿಯಾಗಿದ್ದ.

ನಾನು ತಾಂಡೂರಿನವನು. ಫರಸಿ ಕಲ್ಲಿನ ವ್ಯಾಪಾರ ನಮ್ಮದು. ವ್ಯಾಪಾರ ಬಿಟ್ಟರೆ ಹಳೆಯ ನಾಣ್ಯ ಕೂಡಿಸುವ ಹುಚ್ಚು ಒಂದೇ. ಜಹೀರಾಬಾದಿನ ಡಾಕ್ಟರಮ್ಮನಿಗೂ ಇದೇ ಹುಚ್ಚು ಇದೆಯೆಂದು ಯಾರೋ ಹೇಳಿದರು. ಹಲ್ಲುನೋವಿನ ನೆಪ ಮಾಡಿಕೊಂಡು ಹೋದೆ. ನೆಪ ಅಂದುಕೊಂಡಿದ್ದು ಖರೆಯೇ ಆಯಿತು. ಅವರು ನನ್ನ ಎರಡು ಹಲ್ಲಿಗೆ ಮಸಾಲೆ ತುಂಬಿ, ಕೈ ತೊಳೆದುಕೊಂಡು ಬಂದು, ಹಣೆಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಬಿಚ್ಚದೆಯೇ ಕೇಳಿದರು: "ಈಗ ತೆಗೀರಿ ಜೇಬಿನಾಗಿಂದು. ಆವಾಗಿಂದ ಮುಟ್ಟಿ ಮುಟ್ಟಿ ನೋಡ್ಕೋಳಾಕತ್ತೀರಿ."

ಜೇಬಿನಲ್ಲಿ ನಿಜಾಮರ ಕಾಲದ ಬೆಳ್ಳಿ ರೂಪಾಯಿ ಇತ್ತು. ಅದನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಓರೆ ಮಾಡಿ, ತಿರುಗಿಸಿ, ಮತ್ತೆ ಓರೆ ಮಾಡಿದರು. "ಯಾರೋ ಹುಣಸಿಹಣ್ಣು ಹಚ್ಚಿ ತಿಕ್ಯಾರ. ಚಂದ ಮಾಡಾಕ ಹೋಗಿ ಚರ್ಮಾನೇ ಸುಲದಾರ," ಎಂದರು. ತಿಕ್ಕಿದವಳು ನನ್ನ ಹೆಂಡತಿ. ದೀಪಾವಳಿಗೆ ಪೂಜೆಗಿಟ್ಟಾಗ ಹೊಳೆಯಲಿ ಅಂತ. ನಾನು ಬಾಯಿ ಬಿಡಲಿಲ್ಲ. ಹೇಗೂ ಅರ್ಧ ಬಾಯಿ ಮರಗಟ್ಟಿತ್ತು.

ಅವರದು ಕಂಗ್ಟಿ ಕಡೆಯ ಒಂದು ಹಳ್ಳಿಯ ಬೌದ್ಧ ಮನೆತನ. ಅಜ್ಜಿ ಜೋಳದ ಹೊಲಗಳಲ್ಲಿ ಕೂಲಿ ಮಾಡಿದಾಕೆ. ಅಪ್ಪನಿಗೆ ಸರ್ಕಾರಿ ನೌಕರಿ ಸಿಕ್ಕು ಮಗಳು ಓದಿದಳು. ಮದುವೆಯಾಗಲಿಲ್ಲ. ಸತ್ತ ತಂಗಿಯ ಮಗಳು ಪ್ರಜ್ಞಾಳನ್ನು ತಂದು ಸಾಕಿದರು. ಅಜ್ಜಿ ಕೊರಳಲ್ಲಿ ಕರಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಒಂದು ರೂಪಾಯಿಯೇ ಅವರ ಸಂಗ್ರಹದ ಮೊದಲ ನಾಣ್ಯ. ಮೇಲ್ಗಡೆ ಕೊಂಡಿ ಬೆಸೆದಿದ್ದ ಜಾಗದಲ್ಲಿ ಒಂದು ಕಪ್ಪು ಗಂಟು ಉಳಿದಿತ್ತು.

ಆ ಹೊತ್ತಿಗಾಗಲೇ ನಾಣ್ಯಗಳಿಗೆ ದರ್ಜೆ ಕೊಡುವ ಕಂಪನಿಗಳು ಶುರುವಾಗಿದ್ದವು. ನಮ್ಮ ನಾಣ್ಯ ಕಳಿಸಿದರೆ ಅವರ ಪರೀಕ್ಷಕರು ಅದು ಅಸಲಿಯೋ ನಕಲಿಯೋ, ಎಷ್ಟು ತೇದಿದೆ, ಯಾರಾದರೂ ಕೈ ಆಡಿಸಿದ್ದಾರೋ ಎಂದು ನೋಡಿ, ಎಪ್ಪತ್ತರೊಳಗೆ ಒಂದು ನಂಬರ್ ಕೊಡುತ್ತಾರೆ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮೊಹರು ಮಾಡಿ ವಾಪಸು ಕಳಿಸುತ್ತಾರೆ. ಡಬ್ಬಿ ಒಡೆಯದೆ ಇರುವತನಕ ಆ ನಾಣ್ಯಕ್ಕೆ ಅವರೇ ಜವಾಬ್ದಾರರು. ನಮ್ಮ ಕಡೆಯ ಹಳೆಯ ಸಂಗ್ರಾಹಕರಿಗೆ ಇದು ಸೇರುತ್ತಿರಲಿಲ್ಲ. ತಾಂಡೂರಿನ ಬಸವಂತಪ್ಪನವರಂತೂ ಡಬ್ಬಿ ಕಂಡರೆ ಉರಿದು ಬೀಳುವರು. ತೊಗರಿಬೇಳೆಯ ಮಿಲ್ಲಿನ ಮಾಲೀಕರು, ವಯಸ್ಸಿನಲ್ಲಿ ನಮಗೆಲ್ಲ ಹಿರಿಯರು. "ತೊಗರಿ ಮುಷ್ಟ್ಯಾಗ ಹಿಡದ್ರ ಯಾವ ಊರಿಂದು ಅಂತ ಹೇಳ್ತೀನಿ. ನನ್ನ ರೂಪಾಯಿಗೆ ಯಾವನೋ ನಂಬರ್ ಹಾಕಬೇಕೇನು?" ಎನ್ನುವರು.

ಡಾಕ್ಟರಮ್ಮ ವಾದಕ್ಕೆ ನಿಲ್ಲಲಿಲ್ಲ. ಅಜ್ಜಿಯ ರೂಪಾಯಿಯನ್ನೇ ಹೈದರಾಬಾದಿನ ಒಂದು ಕಂಪನಿಗೆ ಕಳಿಸಿದರು. ಅದು ಡಬ್ಬಿಯಲ್ಲಿ ವಾಪಸು ಬಂದಾಗ ಚೀಟಿಯ ಮೇಲೆ ನಂಬರೇ ಇರಲಿಲ್ಲ. ಅಸಲಿ ನಾಣ್ಯ, ಆದರೆ ಆಭರಣ ಮಾಡಿದ ಬೆಸುಗೆಯ ಗುರುತು ಇರುವುದರಿಂದ ದರ್ಜೆ ಕೊಡಲಾಗದು ಎಂದಿತ್ತು. ಅವರಿಗೆ ಬೇಸರವಾಗಿರಬೇಕು ಎಂದು ನಾನು ಸಮಾಧಾನ ಹೇಳಲು ಹೋದೆ. ಅವರು ಖುಷಿಯಲ್ಲಿದ್ದರು.

"ಬರೋಬ್ಬರಿ ಹೇಳ್ಯಾರ ನೋಡ್ರಿ ವೀರಣ್ಣಾ. ಅಜ್ಜಿ ಕೊಳ್ಳಾಗ ಹಾಕ್ಕೊಂಡಿದ್ದು ಖರೆ, ಬೆಸುಗಿ ಹಾಕ್ಸಿದ್ದು ಖರೆ. ನನ್ನ ಮಾರಿ ನೋಡಿ ಹೆಚ್ಚೂ ಹೇಳಿಲ್ಲ, ಕಡಿಮಿನೂ ಹೇಳಿಲ್ಲ. ಹಿಂಗ ಹೇಳೋರ ಮ್ಯಾಲ ಭರೋಸಾ ಇಡಬೇಕು."

ಅಂದಿನಿಂದ ಅವರು ಆ ಕಂಪನಿಯ ಪರವಾದರು. ತಿಂಗಳಿಗೊಂದು ಭಾನುವಾರ ದವಾಖಾನೆಯ ಬೆಂಚುಗಳ ಮೇಲೆ ನಾವು ಸಂಗ್ರಾಹಕರು ಸೇರುತ್ತಿದ್ದೆವು. ಹೊಸದಾಗಿ ಬಂದವರು ಯಾವುದಾದರೂ ದೊಡ್ಡ ನಾಣ್ಯ ಕೊಳ್ಳಬೇಕೆಂದರೆ, "ಡಬ್ಬ್ಯಾಗ ಇದ್ರ ತಗೋರಿ, ಬಿಡಿ ಇದ್ರ ಬ್ಯಾಡ," ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳುವರು. ಆ ಮಾತನ್ನು ನಂಬಿ ನಾರಾಯಣಖೇಡದ ವಿಠಲರಾವ್ ಮಾಸ್ತರರು ನಿಜಾಮರ ಕಾಲದ ಚಿನ್ನದ ನಾಣ್ಯ, ಒಂದು ಅಶ್ರಫಿ ಕೊಂಡರು.

ವಿಠಲರಾಯರು ನಿವೃತ್ತ ಶಾಲಾಮಾಸ್ತರರು, ಮೆತ್ತಗಿನ ಮನುಷ್ಯ. ಚಿನ್ನದ ಅಶ್ರಫಿ ಒಂದನ್ನು ಕೈಯಲ್ಲಿ ಹಿಡಿಯಬೇಕು ಎಂಬುದು ಅವರ ಎಷ್ಟೋ ವರ್ಷದ ಆಸೆ. ನಿವೃತ್ತಿಯಾದಾಗ ಬಂದದ್ದರಲ್ಲಿ ಅದನ್ನು ತೀರಿಸಿಕೊಂಡರು. ಡಬ್ಬಿ, ಮೊಹರು, ಒಳ್ಳೆಯ ನಂಬರ್ ಎಲ್ಲ ಇತ್ತು. ಭಾನುವಾರ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದರು. ಬಸವಂತಪ್ಪನವರು ಸಹ ಕನ್ನಡಕ ಏರಿಸಿ, "ಛಲೋ ಅದ ಬಿಡ್ರಿ," ಎಂದರು. ಕೊನೆಗೆ ಡಾಕ್ಟರಮ್ಮನ ಕೈಗೆ ಬಂತು.

ಅವರು ಹಲ್ಲು ನೋಡುವ ಕುರ್ಚಿಯ ದೀಪ ಹಚ್ಚಿ, ಡಬ್ಬಿಯನ್ನು ಅದರ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು. ವಿಠಲರಾಯರು ಮೆಚ್ಚುಗೆಯ ಮಾತಿಗೆ ಕಾಯುತ್ತ ನಗುತ್ತಲೇ ನಿಂತಿದ್ದರು.

"ಮಾಸ್ತರ್ರೆ," ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ. "ಇದಕ್ಕ ಯಾರೋ ಫಿಲ್ಲಿಂಗ್ ಮಾಡ್ಯಾರ."

ಯಾರಿಗೂ ಅರ್ಥವಾಗಲಿಲ್ಲ. ಅವರು ದೀಪವನ್ನು ಇನ್ನಷ್ಟು ಬಾಗಿಸಿ, ನಾಣ್ಯದ ಮೇಲಿನ ಚಾರ್‌ಮಿನಾರ್ ಚಿತ್ರದ ಮೇಲ್ಗಡೆ ಅಂಚಿಗೆ ಹತ್ತಿದ ಜಾಗವನ್ನು ಬೆರಳು ಮಾಡಿ ತೋರಿಸಿದರು. ಸಾಸಿವೆಯಷ್ಟು ಜಾಗದಲ್ಲಿ ಚಿನ್ನದ ಬಣ್ಣ ಕೂದಲೆಳೆಯಷ್ಟು ಬೇರೆ. ಸುತ್ತ ಒಂದು ದುಂಡನೆಯ ಗೆರೆ ಇದ್ದ ಹಾಗೆ, ಇಲ್ಲದ ಹಾಗೆ. ಒಂದು ಕಾಲದಲ್ಲಿ ಸರಕ್ಕೆ ಪೋಣಿಸಲು ತೂತು ಹೊಡೆದಿದ್ದಾರೆ, ಆಮೇಲೆ ಯಾರೋ ಕುಶಲಿ ಅದಕ್ಕೆ ಚಿನ್ನ ತುಂಬಿ, ಮೇಲಿನ ಅಕ್ಷರವನ್ನೂ ಕೆತ್ತಿ ಮುಚ್ಚಿದ್ದಾನೆ ಎಂದರು. ಅಂಥ ನಾಣ್ಯಕ್ಕೆ ನಂಬರ್ ಕೊಡುವ ಹಾಗಿಲ್ಲ. ಕೊಟ್ಟಿದ್ದರೆ ಕಂಪನಿಯವರ ಕಣ್ಣು ತಪ್ಪಿದೆ.

ವಿಠಲರಾಯರು ಬೆಂಚಿನ ಮೇಲೆ ಕೂತರು. ಪ್ರಜ್ಞಾ ನೀರು ತಂದುಕೊಟ್ಟಳು. ಕುಡಿದು, ಗ್ಲಾಸು ಹಿಡಿದುಕೊಂಡೇ ಹೇಳಿದರು: "ಡಾಕ್ಟರಮ್ಮಾ, ನಿಮಗ ಕಂಡದ. ಬ್ಯಾರೇದೋರಿಗಿ ಕಾಣಂಗಿಲ್ಲ. ಡಬ್ಬಿ ನೋಡಿ ಯಾರರ ತಗೋತಾರ. ನಾ ಮಾರಿಬಿಡ್ತೀನಿ. ನೀವು ಸುಮ್ಮನಿರ್ರಿ, ಅಷ್ಟು ಮಾಡ್ರಿ ಸಾಕು."

"ತಗೊಂಡಾಂವ ಯಾರಿರ್ತಾನ ಮಾಸ್ತರ್ರೆ? ನಿಮ್ಮಂಗೇ ಡಬ್ಬಿ ನಂಬಿ ಬಂದಾಂವ."

"ಮತ್ತ ನಾ ಏನ್ ಮಾಡ್ಲಿ?"

"ನನ್ನ ಮಾತ್ ನಂಬಿ ತಗೊಂಡೀರಿ. ಇದು ಮುಗಿಯಾತನಕ ನಾ ನಿಮ್ಮ ಬಾಜೂಕ ನಿಂದರ್ತೀನಿ. ಮಾರೋದು ಮಾತ್ರ ಬ್ಯಾಡ."

ಮರುದಿನವೇ ಕಂಪನಿಗೆ ಫೋಟೋ ಸಮೇತ ಬರೆದರು. ನಮ್ಮ ತೀರ್ಮಾನ ಸರಿಯಾಗಿದೆ ಎಂಬ ಚಿಕ್ಕ ಉತ್ತರ ಬಂತು. ಮತ್ತೆ ಬರೆದರು. ಡಬ್ಬಿ ಕಳಿಸಿಕೊಡಿ, ನೋಡುತ್ತೇವೆ ಎಂದರು. ವಿಠಲರಾಯರು ಒಪ್ಪಲಿಲ್ಲ. ಕಂಪನಿಯವರ ಕೈಗೆ ಒಬ್ಬಂಟಿಯಾಗಿ ಹೋದರೆ ನಾಣ್ಯವೇ ಬದಲಾಗಿ ಬಂದೀತು ಎಂಬ ಭಯ ಅವರಿಗೆ. ಆದರೆ ಡಬ್ಬಿಯನ್ನು ನಾವೇ ಒಡೆದು ನೋಡೋಣವೆಂದರೆ, ಒಡೆದ ಕೂಡಲೇ ಕಂಪನಿಯ ಹೊಣೆ ಮುಗಿಯಿತು. ತಪ್ಪು ತೋರಿಸಬೇಕಾದರೆ ಒಡೆಯಬೇಕು, ಒಡೆದರೆ ಕೇಳುವ ಹಕ್ಕಿಲ್ಲ. ಈ ಬಿಕ್ಕಟ್ಟನ್ನು ಡಾಕ್ಟರಮ್ಮ ಒಂದೇ ಮಾತಿನಲ್ಲಿ ಬಿಡಿಸಿದರು: "ಅವರ ಕೈಲೇ ಒಡೀಲಿ, ನಮ್ಮ ಕಣ್ಣ ಮುಂದ."

ದವಾಖಾನೆಗೆ ಬೀಗ ಹಾಕಿ ವಿಠಲರಾಯರನ್ನೂ ನನ್ನನ್ನೂ ಕರಕೊಂಡು ಹೈದರಾಬಾದಿಗೆ ಹೊರಟರು. ಕಂಪನಿಯ ಕಚೇರಿ ಎತ್ತರದ ಕಟ್ಟಡದಲ್ಲಿತ್ತು. ಒಳಗೆ ತಣ್ಣಗೆ, ಗಾಜಿನ ಬಾಗಿಲು. ಮ್ಯಾನೇಜರ್ ಸಭ್ಯ ಹುಡುಗ. ಕೂರಿಸಿ ಚಹಾ ಕೊಟ್ಟ. ಆದರೆ ಗ್ರಾಹಕರ ಎದುರಿಗೆ ಡಬ್ಬಿ ಒಡೆಯುವ ಪದ್ಧತಿ ಇಲ್ಲ, ಪರೀಕ್ಷಕರು ಗ್ರಾಹಕರನ್ನು ಕಾಣುವುದೇ ಇಲ್ಲ, ಕಂಡರೆ ನಿಷ್ಪಕ್ಷಪಾತತೆ ಉಳಿಯುವುದಿಲ್ಲ ಎಂದ.

"ಆ ಮಾತು ಒಪ್ತೀನಪ್ಪಾ," ಎಂದರು ಡಾಕ್ಟರಮ್ಮ. "ಮೊದಲ ಸಲ ನೋಡುವಾಗ ಅದು ಬರೋಬ್ಬರಿ. ತಪ್ಪಾಗ್ಯಾದ ಅಂತ ಒಬ್ಬಾಕಿ ಬಂದು ಕೂತಾಗ ಅಲ್ಲ. ನಾ ಹಲ್ಲು ಕೀಳುವಾಗ ಪೇಶಂಟ್ ಕಣ್ಣು ಮುಚ್ಕೊಂಡ್ರ ನಡೀತದ. ತಪ್ಪು ಹಲ್ಲು ಕಿತ್ತಿ ಅಂದ್ರ ನಾ ಬಾಯಿ ತೆರ್ಸಿ ಕನ್ನಡಿ ಕೊಟ್ಟು ತೋರಿಸ್ಬೇಕಾಗ್ತದ."

ಹುಡುಗ ನಕ್ಕ, ಒಪ್ಪಲಿಲ್ಲ. ಆ ದಿನ ಬರಿಗೈಲಿ ವಾಪಸಾದೆವು. ದಾರಿಯುದ್ದಕ್ಕೂ ವಿಠಲರಾಯರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸಂಗಾರೆಡ್ಡಿ ದಾಟಿದ ಮೇಲೆ ಡಾಕ್ಟರಮ್ಮ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಅವರ ತೊಡೆಯ ಮೇಲಿಟ್ಟರು. "ಉಣ್ರಿ. ಬರೋ ವಾರ ಮತ್ತ ಬರೋದದ."

ಮುಂದಿನ ವಾರ ಹೋದೆವು. ಅದರ ಮುಂದಿನ ವಾರವೂ ಹೋದೆವು. ಜಗಳ ಮಾಡಲಿಲ್ಲ, ದನಿ ಏರಿಸಲಿಲ್ಲ. ಬಾಗಿಲ ಎದುರಿನ ಕುರ್ಚಿಯಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುವರು. ಬಂದವರು ಏನೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವರು. ಕಂಪನಿ ಮೋಸಗಾರರದ್ದು ಎಂದು ಒಬ್ಬ ಗ್ರಾಹಕ ಮಾತು ಸೇರಿಸಿದಾಗ, "ಮೋಸ ಅಂತ ನಾ ಹೇಳಿಲ್ಲ. ಕಣ್ಣು ತಪ್ಯಾದ ಅಂದೀನಿ. ನಿಮ್ಮ ಮಾತು ನನ್ನ ಬಾಯಾಗ ಹಾಕಬ್ಯಾಡ್ರಿ," ಎಂದು ಅವನನ್ನೇ ಗದರಿದರು. ಮ್ಯಾನೇಜರ್ ಹುಡುಗನಿಗೆ ಇದು ಕೇಳಿಸಿರಬೇಕು. ಮಧ್ಯಾಹ್ನದ ಊಟದ ನಂತರ ಒಳಗಿನಿಂದ ಒಬ್ಬ ಹಿರಿಯರು ಬಂದರು. ತೆಳ್ಳಗೆ, ಕುತ್ತಿಗೆಗೆ ತೂಗುಹಾಕಿದ ಭೂತಗನ್ನಡಿ. ಅವರೇ ಮುಖ್ಯ ಪರೀಕ್ಷಕರು. ಆ ಅಶ್ರಫಿಗೆ ನಂಬರ್ ಕೊಟ್ಟವರಲ್ಲಿ ಅವರೂ ಒಬ್ಬರು.

"ತೋರ್ಸಮ್ಮಾ," ಎಂದರು ತೆಲುಗು ಬೆರೆತ ಕನ್ನಡದಲ್ಲಿ. ಡಬ್ಬಿ ಹಿಡಿದು ನೋಡಿ, "ನನಗೆ ಕಾಣಸ್ತಾ ಇಲ್ಲ," ಎಂದರು. ಡಾಕ್ಟರಮ್ಮ ತಾವು ಹಣೆಗೆ ಕಟ್ಟುವ ಭೂತಗನ್ನಡಿಯನ್ನೇ ಚೀಲದಿಂದ ತೆಗೆದು ಅವರ ಹಣೆಗೆ ಕಟ್ಟಿದರು. ಮೇಜಿನ ದೀಪವನ್ನು ಬಾಗಿಸಿದರು. ಹಿರಿಯರು ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ನಮ್ಮನ್ನು ಒಳಗಿನ ಕೋಣೆಗೆ ಕರೆದರು. ಮ್ಯಾನೇಜರ್ ಹುಡುಗ ಏನೋ ಹೇಳಲು ಬಂದ. ಅವರು ಕೈ ಮಾಡಿ ತಡೆದರು.

ಇಕ್ಕಳದಲ್ಲಿ ಡಬ್ಬಿಯ ಅಂಚು ಚಿಟ್ಟೆಂದು ಬಿರುಕು ಬಿಟ್ಟಾಗ ವಿಠಲರಾಯರು ನನ್ನ ಮೊಣಕೈ ಹಿಡಿದುಕೊಂಡರು. ಹಿರಿಯರು ನಾಣ್ಯವನ್ನು ಹೊರತೆಗೆದು ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪರದೆಯ ಮೇಲೆ ಚಿನ್ನದ ಮೈದಾನ ಹರಡಿತು. ಅದರ ನಡುವೆ ಎದ್ದು ಕಂಡಿತು ಒಂದು ದುಂಡನೆಯ ಗೆರೆ, ಬಾವಿಗೆ ಮುಚ್ಚಳ ಹಾಕಿದ ಹಾಗೆ.

"ತುಂಬಿದ್ದೇ ಅಮ್ಮಾ," ಎಂದರು ಹಿರಿಯರು. "ನಾನೂ ನೋಡಿ ಸಹಿ ಹಾಕಿದ್ದೆ. ನಿಮಗೆ ಹ್ಯಾಗೆ ಕಾಣಿಸ್ತು?"

"ನಾ ದಿನಾ ಮಾಡೋದು ಇದೇ ಕೆಲ್ಸಾರೀ. ನಾನು ಮಾಡಿದ್ದೂ ಹಿಂಗೇ ಕಾಣ್ತದ. ತುಂಬಿದಾಂವ ಭಾಳ ಛಲೋ ಕೈಯ್ಯಾಂವ. ಇದ್ದಿದ್ರ ನಮ್ಮ ದವಾಖಾನ್ಯಾಗ ಇಟ್ಕೋತಿದ್ದೆ."

ಹಿರಿಯರು ನಕ್ಕರು. ನಗುವಾಗ ಡಾಕ್ಟರಮ್ಮ ಅವರ ಬಾಯಿ ನೋಡಿದ್ದನ್ನು ನಾನು ಕಂಡೆ. ಪುಣ್ಯಕ್ಕೆ ಆಗ ಏನೂ ಅನ್ನಲಿಲ್ಲ.

ಕಂಪನಿ ತನ್ನ ನಂಬರ್ ಹಿಂದಕ್ಕೆ ತೆಗೆದುಕೊಂಡಿತು. ಹೊಣೆಯ ಮಾತಿಗೆ ತಪ್ಪದೆ ವಿಠಲರಾಯರಿಗಾದ ನಷ್ಟವನ್ನು ತುಂಬಿಕೊಟ್ಟಿತು. ತೂತು ತುಂಬಿದ ನಾಣ್ಯ ಎಂಬ ಹೊಸ ಚೀಟಿ ಅಂಟಿಸಿ ಅಶ್ರಫಿಯನ್ನು ಅವರಿಗೇ ಕೊಟ್ಟಿತು. ಮಾರುವುದಿಲ್ಲ ಎಂದು ಅವರು ಅದನ್ನು ದೇವರ ಜಗುಲಿಯಲ್ಲಿ ಇಟ್ಟುಕೊಂಡರು. ಕೆಲವು ತಿಂಗಳ ನಂತರ ಹಿರಿಯರು ಫೋನ್ ಮಾಡಿ, ತಕರಾರು ಬಂದ ಡಬ್ಬಿಗಳನ್ನು ಇನ್ನು ಮುಂದೆ ಮಾಲೀಕರು ಬಯಸಿದರೆ ಅವರೆದುರಿಗೇ ಒಡೆದು ನೋಡಲು ಕಂಪನಿ ಒಪ್ಪಿದೆ ಎಂದು ತಿಳಿಸಿದರು.

ಭಾನುವಾರದ ಸಭೆಯಲ್ಲಿ ಬಸವಂತಪ್ಪನವರದೇ ಜಯ. "ನಾ ಮೊದಲೇ ಹೇಳಿದ್ದೆ. ಡಬ್ಬಿ ಸುಳ್ಳು, ನಂಬರ್ ಸುಳ್ಳು. ಇನ್ನರ ಬಿಡ್ರಿ ಈ ಹುಚ್ಚು."

ಡಾಕ್ಟರಮ್ಮ ಚಹಾ ಸೋಸುತ್ತಿದ್ದರು. "ಸಾವಕಾರ್ರೆ, ನೀವೂ ಆ ಅಶ್ರಫಿ ನೋಡಿ ಛಲೋ ಅದ ಅಂದಿದ್ರಿ. ನಿಮ್ಮ ಕಣ್ಣೂ ತಪ್ಪಿತು, ಅವರ ಕಣ್ಣೂ ತಪ್ಪಿತು. ಅವರು ಒಪ್ಕೊಂಡು ತಿದ್ದಿದ್ರು. ತಪ್ಪೇ ಮಾಡಂಗಿಲ್ಲ ಅನ್ನೋರ ಮ್ಯಾಲ ನನಗ ಭರೋಸಾ ಇಲ್ಲ. ತಿದ್ಕೋತಾರಲ್ಲ, ಅವರ ಮ್ಯಾಲ ಅದ. ನಾ ಮಾತ್ರ ಒಂದು ಮಾತು ಬದಲ್ಸೀನಿ. ಡಬ್ಬ್ಯಾಗ ಇದ್ರ ತಗೋರಿ ಅಂತಿದ್ದೆ. ಈಗ, ಡಬ್ಬ್ಯಾಗ ಇದ್ರೂ ನೋಡಿ ತಗೋರಿ ಅಂತೀನಿ."

ಬಸವಂತಪ್ಪನವರು ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ತಕರಾರು ಮಾಡಿ ವಿಷಯ ಬದಲಿಸಿದರು.

ಬರೀ ಹೇಳಿ ಬಿಡುವ ಹೆಂಗಸಲ್ಲ ಅವರು. ಆ ಚಳಿಗಾಲ ಪೂರ್ತಿ ತಮ್ಮ ಸಂಗ್ರಹದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮತ್ತೆ ಪರೀಕ್ಷೆ ಮಾಡಿದರು. ಕೆಲವು ನಾಣ್ಯಗಳಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ನಂಬರ್ ಸಿಕ್ಕಿದೆ ಅನ್ನಿಸಿತು. ನಂಬರ್ ಇಳಿಸಿಕೊಡಿ ಎಂದು ಅವನ್ನು ಕಂಪನಿಗೆ ಕಳಿಸಿದರು. ನಂಬರ್ ಏರಿಸಿ ಎಂದು ಬೇಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇಳಿಸಿ ಎಂದು ಅರ್ಜಿ ಹಾಕಿದವರನ್ನು ಕಂಡದ್ದು ಅದೊಂದೇ ಸಲ. ನಾನು ಯಾಕೆಂದು ಕೇಳಿದರೆ, "ನಾ ಇಲ್ದಾಗ ಪ್ರಜ್ಞಾ ಮಾರ್ತಾಳ. ತಗೊಂಡೋರು ಬಂದು ಆಕಿ ಬಾಗಲಾ ಬಡೀಬಾರ್ದು," ಎಂದರು.

ನಾ ಇಲ್ಲದಾಗ ಎಂಬ ಮಾತಿಗೆ ಆಗ ನಾನು ಕಿವಿಗೊಡಲಿಲ್ಲ. ಸಕ್ಕರೆ ಕಾಯಿಲೆ ಅವರ ಮೂತ್ರಪಿಂಡವನ್ನು ಆಗಲೇ ತಿನ್ನತೊಡಗಿತ್ತು. ಕಣ್ಣಿಗೂ ಇಳಿಯಿತು. ಕಣ್ಣು ಮಂಜಾಗುತ್ತಿದೆ ಎಂದು ತಿಳಿದ ವಾರವೇ ದವಾಖಾನೆ ಮುಚ್ಚಿದರು. ಇನ್ನೂ ಸ್ವಲ್ಪ ದಿನ ನಡೆಸಬಹುದಿತ್ತು ಎಂದವರಿಗೆ, "ಯಾರ ಬಾಯಾಗ ನಡಸ್ಲಿ?" ಎಂದು ಕೇಳಿದರು.

ಕೊನೆಯ ಸಲ ನೋಡಲು ಹೋದಾಗ ಬಿಸಿಲುಕಾಲ. ನಡುಮನೆಯಲ್ಲಿ, ಬುದ್ಧನ ಪಟದ ಕೆಳಗೆ ಮಂಚ ಹಾಕಿಕೊಂಡು ಮಲಗಿದ್ದರು. ನಾನು ಆಗಷ್ಟೇ ಕೊಂಡಿದ್ದ ಚಾರ್‌ಮಿನಾರ್ ರೂಪಾಯಿಯ ಡಬ್ಬಿಯನ್ನು ಅವರ ಕೈಯಲ್ಲಿಟ್ಟೆ. ಭಾರಿ ನಂಬರಿನ ನಾಣ್ಯ. ಅವರು ಅದನ್ನು ಬೆರಳಲ್ಲಿ ಸವರಿ ವಾಪಸು ಕೊಟ್ಟರು.

"ನನಗ ಕಾಣಂಗಿಲ್ಲ. ನೀವೇ ನೋಡಿ ಹೇಳ್ರಿ."

ನಾನು ಹೊಳಪು, ಅಂಚು, ಅಕ್ಷರ ಎಲ್ಲ ವರ್ಣಿಸಿದೆ.

"ಅಷ್ಟಽ?"

ಕಿಟಕಿಯ ಬೆಳಕಿಗೆ ಓರೆ ಮಾಡಿ ಮತ್ತೆ ನೋಡಿದೆ. ಮಿನಾರುಗಳ ತುದಿ ಕೊಂಚ ಮೊಂಡಾಗಿದ್ದ ಹಾಗೆ ಕಂಡಿತು. ಹೇಳಿದೆ. ಅವರು ದಿಂಬಿನಿಂದ ತಲೆ ಎತ್ತಿದರು.

"ತೇದಿದ್ರ ಆ ನಂಬರ್ ಹೆಚ್ಚಾತು. ಬರೀರಿ ಅವರಿಗಿ."

"ನಾನಾ? ನೀವು ಹೇಳ್ರಿ, ನಾ ಬರ್ಕೋತೀನಿ."

"ನಾ ನೋಡ್ದೇ ಹ್ಯಾಂಗ ಹೇಳ್ಲಿ ವೀರಣ್ಣಾ? ಕಂಡಿದ್ದು ನಿಮಗ. ಮಾತೂ ನಿಮ್ದೇ ಇರ್ಲಿ. ತಪ್ಪಾದ್ರ ತಪ್ಪಾತು ಅಂತ ಬಂದು ಹೇಳ್ರಿ, ಖುಷಿಲೇ ಕೇಳ್ತೀನಿ."

ಬರೆದೆ. ಡಬ್ಬಿಯನ್ನೂ ಕಳಿಸಿದೆ. ಕೆಲವು ವಾರದ ಮೇಲೆ ನಾಣ್ಯ ಹೊಸ ಡಬ್ಬಿಯಲ್ಲಿ ವಾಪಸು ಬಂತು, ಜೊತೆಗೆ ಮುಖ್ಯ ಪರೀಕ್ಷಕರ ಉತ್ತರ. ಡಬ್ಬಿ ಒಡೆದು ನೋಡಿದೆವು, ಮಿನಾರಿನ ತುದಿ ತೇದದ್ದಲ್ಲ, ಟಂಕಸಾಲೆಯಲ್ಲಿ ಅಚ್ಚು ಒತ್ತುವಾಗಲೇ ಅಲ್ಲಿ ಪೂರಾ ಬಿದ್ದಿಲ್ಲ, ತೇದಿದ್ದರೆ ಹೊಳಪು ಹೋಗಿರುತ್ತಿತ್ತು, ನಂಬರ್ ಅದೇ ಇರುತ್ತದೆ ಎಂದು ಬರೆದಿದ್ದರು. ನಮ್ಮ ಕಲ್ಲಿನ ಯಾರ್ಡಿನ ಬಿಸಿಲಲ್ಲಿ ನಿಂತು ನೋಡಿದೆ. ತುದಿಯ ಮೊಂಡು ಜಾಗದಲ್ಲೂ ಹೊಳಪು ಹಾಗೇ ಇತ್ತು. ಕಾಲು ಸವೆಸಿದ ಫರಸಿಗೂ ಪಾಲಿಶ್ ಮುಟ್ಟದ ಫರಸಿಗೂ ವ್ಯತ್ಯಾಸ ಗೊತ್ತಿದ್ದ ನನಗೆ ಇದು ತಿಳಿಯಬೇಕಿತ್ತು. ನಗು ಬಂತು. ಕೂಡಲೇ ಜಹೀರಾಬಾದಿಗೆ ಫೋನ್ ಹಚ್ಚಿದೆ.

ಪ್ರಜ್ಞಾ ಎತ್ತಿದಳು. "ಕಾಕಾ, ನಾನೇ ಹಚ್ಚೋಳಿದ್ದೆ. ದೊಡ್ಡಮ್ಮ ಈಗ ಹೋದ್ಳು," ಎಂದಳು.

ಬಸವಂತಪ್ಪನವರ ಗಾಡಿಯಲ್ಲೇ ಹೋದೆವು. ವಿಠಲರಾಯರು ನಮಗಿಂತ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದರು. ಒಳಗೆ ಬುದ್ಧವಂದನೆ ಮುಗಿದಿತ್ತು. ಬಿಳಿ ಬಟ್ಟೆ ಹೊದಿಸಿದ್ದರು. ಅವರಿಂದ ಹಲ್ಲು ಕೀಳಿಸಿಕೊಂಡ ಊರೇ ಅಲ್ಲಿ ಸೇರಿತ್ತು. ನಾನು ಗೋಡೆಗೆ ಒರಗಿ ನಿಂತೆ. ಬಸವಂತಪ್ಪನವರು ಬಾಜೂಕ ಬಂದು ಮೆಲ್ಲಗೆ ಕೇಳಿದರು:

"ನಿನ್ನ ರೂಪಾಯಿ ಬಗ್ಗಿ ಏನ್ ಬರದಾರ ಅವರು?"

"ತಪ್ಪು ನಂದೇ ಅಂತ್ರಿ."

"ಆಕಿಗಿ ಹೇಳ್ದೆಯೇನು?"

"ಇಲ್ಲ್ರಿ. ಹೇಳಾಕೇ ಫೋನ್ ಹಚ್ಚಿದ್ದೆ."

ಅವರು ನನ್ನ ರಟ್ಟೆ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಡಾಕ್ಟರಮ್ಮನ ತಲೆಯ ಹತ್ತಿರ ಕರೆತಂದರು.

"ಹೇಳು ಈಗ," ಎಂದರು.

ನಾನು ಬಗ್ಗಿದೆ. "ಡಾಕ್ಟರಮ್ಮಾ, ಅದು ತೇದದ್ದಲ್ಲಂತ್ರಿ. ಅಚ್ಚೇ ಪೂರಾ ಬಿದ್ದಿದ್ದಿಲ್ಲಂತ," ಎಂದೆ.